ಡಬ್ಲಿನ್‌ನಲ್ಲಿ ಪ್ರಕಟವಾದ ಕಾದಂಬರಿ: ಒಂದು ಸಣ್ಣ ಪ್ರಕಾಶನದ ಪ್ರಕರಣ ಅಧ್ಯಯನ

2016ರ ಮೇ ತಿಂಗಳಲ್ಲಿ ಡಬ್ಲಿನ್‌ನ ಟ್ರ್ಯಾಂಪ್ ಪ್ರೆಸ್ 'ಸೋಲಾರ್ ಬೋನ್ಸ್' ಎಂಬ ಕಾದಂಬರಿಯನ್ನು ಹೊರತಂದಿತು. ಬರೆದವರು ಮೈಕ್ ಮೆಕಾರ್ಮಕ್. ಪ್ರಕಾಶನ ಶುರುವಾಗಿ ಆಗಿನ್ನೂ ಎರಡು ವರ್ಷ. ಅದನ್ನು ಕಟ್ಟಿದವರು ಲೀಸಾ ಕೋಯೆನ್ ಮತ್ತು ಸಾರಾ ಡೇವಿಸ್-ಗಾಫ್ ಎಂಬ ಇಬ್ಬರು ಹೆಣ್ಣುಮಕ್ಕಳು. ಮೊದಲ ಪುಟದಿಂದ ಕೊನೆಯ ಪುಟದವರೆಗೆ ಆ ಕಾದಂಬರಿಯಲ್ಲಿ ಒಂದೂ ಪೂರ್ಣವಿರಾಮವಿಲ್ಲ. ಇಡೀ ಪುಸ್ತಕ ಒಂದೇ ವಾಕ್ಯ. ಆ ನವೆಂಬರಿನಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಬಹುಮಾನ ಅದಕ್ಕೆ ಬಂತು, 10,000 ಪೌಂಡು. ಐರ್ಲೆಂಡಿನ ವರ್ಷದ ಪುಸ್ತಕ ಎಂಬ ಗೌರವವೂ ಸಿಕ್ಕಿತು. ಆದರೆ ಆ ವರ್ಷದ ಬೂಕರ್‌ಗೆ ಅದನ್ನು ಕಳಿಸುವುದಕ್ಕೇ ಆಗಲಿಲ್ಲ. ಪುಸ್ತಕ ಬ್ರಿಟನ್ನಿನಲ್ಲಿ ಪ್ರಕಟವಾಗಿರಬೇಕು ಎನ್ನುತ್ತಿತ್ತು ನಿಯಮ. ಇದು ಪ್ರಕಟವಾದದ್ದು ಐರ್ಲೆಂಡಿನಲ್ಲಿ.

ಮರುವರ್ಷ ಅದೇ ಕಾದಂಬರಿ ಎಡಿನ್‌ಬರೋದ ಕ್ಯಾನನ್‌ಗೇಟ್ ಪ್ರಕಾಶನದ ಹೆಸರಿನಲ್ಲಿ ಬ್ರಿಟನ್ನಿನ ಅಂಗಡಿಗಳಿಗೆ ಬಂತು. 2017ರ ಜುಲೈನಲ್ಲಿ ಬೂಕರ್‌ನ ಮೊದಲ ಪಟ್ಟಿ ಹೊರಬಿದ್ದಾಗ ಅದರಲ್ಲಿ 'ಸೋಲಾರ್ ಬೋನ್ಸ್' ಇತ್ತು.

ಈ ಕಥೆಯನ್ನು ಸಾಮಾನ್ಯವಾಗಿ ಧೈರ್ಯವಂತ ಪ್ರಕಾಶಕಿಯರು ಪ್ರತಿಭಾವಂತ ಲೇಖಕನನ್ನು ಗುರುತಿಸಿದ ಕಥೆಯೆಂದು ಹೇಳುತ್ತಾರೆ. ಅದು ನಿಜ, ಆದರೆ ಅರ್ಧ ನಿಜ. ಧೈರ್ಯವಿದ್ದ ಪ್ರಕಾಶಕರು ಎಲ್ಲ ಕಾಲದಲ್ಲೂ ಇದ್ದರು, ಮೂರನೆಯ ಪುಸ್ತಕಕ್ಕೆ ಬಾಗಿಲು ಹಾಕಿಕೊಂಡು ಹೋದವರೂ ಅವರಲ್ಲೇ ಇದ್ದರು. ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆ: ಸಣ್ಣ ಪ್ರಕಾಶನದ ನಿಜವಾದ ಕೆಲಸ ತಾಳ್ಮೆಯಿಂದ ಓದುವುದು. ಆ ತಾಳ್ಮೆಗೆ ಖರ್ಚಿದೆ, ಆ ಖರ್ಚನ್ನು ಯಾರೋ ಹೊರಬೇಕು. ಐರ್ಲೆಂಡಿನಲ್ಲಿ ಅದನ್ನು ಹೊರುವವರು ಇದ್ದರು. ಕೊನೆಯ ಬಾಗಿಲಿನ ಕೀಲಿ ಮಾತ್ರ ಅವರ ಕೈಯಲ್ಲಿರಲಿಲ್ಲ.

ರಾಶಿಯ ಅಡಿಯಿಂದ

ಕತೆ ಟ್ರ್ಯಾಂಪ್‌ಗಿಂತ ಹಿಂದೆ ಶುರುವಾಗುತ್ತದೆ. ಡಬ್ಲಿನ್‌ನ ಲಿಲಿಪುಟ್ ಪ್ರೆಸ್ 1984ರಲ್ಲಿ ಆಂಟನಿ ಫಾರೆಲ್ ಶುರುಮಾಡಿದ ಸಣ್ಣ ಪ್ರಕಾಶನ. ಸಾರಾ ಡೇವಿಸ್-ಗಾಫ್ ಅಲ್ಲಿ ತರಬೇತಿಗೆ ಸೇರಿದ್ದಾಗ ಅವರ ಪಾಲಿಗೆ ಬಂದ ಕೆಲಸ, ಯಾರೂ ಕೇಳದೆಯೇ ಅಂಚೆಯಲ್ಲಿ ಬಂದು ಬಿದ್ದಿದ್ದ ಹಸ್ತಪ್ರತಿಗಳನ್ನು ಓದುವುದು. ಪ್ರಕಾಶನದ ಮನೆಯಲ್ಲಿ ಇದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ. ಹತ್ತು ಓದಿದರೆ ಹತ್ತೂ ವಾಪಸು ಕಳಿಸುವಂಥವೇ ಆಗಿರಬಹುದು. ಹನ್ನೊಂದನೆಯದನ್ನು ಹೊಸ ಕಣ್ಣಿನಿಂದ ಓದಬೇಕು. ಆ ರಾಶಿಯಿಂದ ಅವರು ಎತ್ತಿಕೊಟ್ಟದ್ದು ಡೋನಲ್ ರಯಾನ್ ಎಂಬ ಸರ್ಕಾರಿ ನೌಕರರ ಹಸ್ತಪ್ರತಿ. ರಯಾನ್ ಅವರಿಗೆ ಅಷ್ಟು ಹೊತ್ತಿಗೆ 47 ತಿರಸ್ಕಾರಗಳು ಬಂದಿದ್ದವು. 2012ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿ ಮರುವರ್ಷ ಬೂಕರ್‌ನ ಮೊದಲ ಪಟ್ಟಿಗೂ ಹೋಯಿತು, ಗಾರ್ಡಿಯನ್ ಪತ್ರಿಕೆಯ ಚೊಚ್ಚಲ ಕೃತಿ ಬಹುಮಾನವನ್ನೂ ತಂದಿತು.

ಅದೂ ಐರಿಷ್ ಸಣ್ಣ ಪ್ರಕಾಶನದ ಪುಸ್ತಕವೇ, ಅದು ಹೇಗೆ ಬೂಕರ್ ಪಟ್ಟಿ ಸೇರಿತು ಎಂದು ಓದುಗರು ಕೇಳಬಹುದು. ಲಿಲಿಪುಟ್ ಅದನ್ನು ಡಬಲ್‌ಡೇ ಐರ್ಲೆಂಡ್ ಜೊತೆ ಸೇರಿ ಹೊರತಂದಿತ್ತು. ಡಬಲ್‌ಡೇ ಬೆನ್ನಿಗೆ ಲಂಡನ್ನಿನ ದೊಡ್ಡ ಸಂಸ್ಥೆಯಿತ್ತು. ಜೊತೆಗಾರರು ಸಿಕ್ಕಿದ್ದರಿಂದ ಬಾಗಿಲು ತೆರೆದಿತ್ತು. ಸಿಗದಿದ್ದರೆ ಏನಾಗುತ್ತದೆ ಎಂಬುದು ಮೂರು ವರ್ಷದ ನಂತರ ತಿಳಿಯಿತು.

2014ರಲ್ಲಿ ಕೋಯೆನ್ ಮತ್ತು ಡೇವಿಸ್-ಗಾಫ್ ತಮ್ಮದೇ ಪ್ರಕಾಶನ ಕಟ್ಟಿದರು. ಟ್ರ್ಯಾಂಪ್ ಎಂದರೆ ಅಲೆಮಾರಿ. ಹೆಸರನ್ನು ತೆಗೆದುಕೊಂಡದ್ದು ನಾಟಕಕಾರ ಜೆ. ಎಂ. ಸಿಂಜ್ ಅವರ ರಂಗದ ಮೇಲೆ ಸುಳಿಯುವ, ಯಾರಿಗೂ ತಲೆಬಾಗದ ಅಲೆಮಾರಿಯಿಂದ. ವರ್ಷಕ್ಕೆ ಬೆರಳೆಣಿಕೆಯಷ್ಟೇ ಪುಸ್ತಕ ಎಂದು ಮೊದಲೇ ತೀರ್ಮಾನಿಸಿದ್ದರು. ಹಸ್ತಪ್ರತಿ ಕಳಿಸಲು ಏಜೆಂಟ್ ಬೇಕಿಲ್ಲ, ನೇರವಾಗಿ ಕಳಿಸಬಹುದು ಎಂದರು. ಒಂದು ಷರತ್ತು ಮುಂದೆ ಸುದ್ದಿಯಾಯಿತು: ಇಬ್ಬರು ಹೆಂಗಸರು ನಡೆಸುವ ಪ್ರಕಾಶನಕ್ಕೆ 'ಡಿಯರ್ ಸರ್ಸ್' ಎಂದು ಪತ್ರ ಬರೆಯುವವರ ಹಸ್ತಪ್ರತಿಯನ್ನು ತಾವು ಓದುವುದಿಲ್ಲ ಎಂದು 2017ರಲ್ಲಿ ಬಹಿರಂಗವಾಗಿ ಹೇಳಿದರು. ಕೆಲವರಿಗೆ ಇದು ಅತಿಯೆನ್ನಿಸಿತು. ನನಗೆ ಹಾಗೆ ಕಾಣುವುದಿಲ್ಲ. ಯಾರಿಗೆ ಬರೆಯುತ್ತಿದ್ದೇನೆ ಎಂದು ನೋಡುವ ಎರಡು ನಿಮಿಷದ ಶ್ರಮ ತೆಗೆದುಕೊಳ್ಳದವರ 300 ಪುಟ ಓದಲು ಎರಡು ದಿನ ಕೊಡಬೇಕಾದವರು ಇಷ್ಟು ಕೇಳುವುದರಲ್ಲಿ ತಪ್ಪಿಲ್ಲ.

2015ರಲ್ಲಿ ಅವರು ತಂದ ಸಾರಾ ಬೌಮ್ ಅವರ ಮೊದಲ ಕಾದಂಬರಿ ಹೆಸರು ಮಾಡಿತು. ಬ್ರಿಟನ್ನಿನ ಹಕ್ಕನ್ನು ಲಂಡನ್ನಿನ ಹೈನ್‌ಮನ್ ಕೊಂಡಿತು. ಹಾಗಾಗಿ ಮೆಕಾರ್ಮಕ್ ಹಸ್ತಪ್ರತಿ ಅವರ ಕೈಗೆ ಬರುವ ಹೊತ್ತಿಗೆ ಟ್ರ್ಯಾಂಪ್ ತೀರ ಅಪರಿಚಿತ ಹೆಸರಾಗಿರಲಿಲ್ಲ.

ಇಪ್ಪತ್ತು ವರ್ಷ ಬರೆದವರು

ಮೆಕಾರ್ಮಕ್ ಹೊಸಬರೇನಲ್ಲ. 1965ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಐರ್ಲೆಂಡಿನ ಪಡುವಣ ಕರಾವಳಿಯ ಮೇಯೋ ಕೌಂಟಿಯ ಲೂಯಿಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಬೆಳೆದರು, ಗಾಲ್ವೇ ನಗರದಲ್ಲಿ ನೆಲೆಸಿದರು. 1996ರಲ್ಲಿ ಮೊದಲ ಕಥಾಸಂಕಲನ ಬಂದ ವರ್ಷವೇ ಐರ್ಲೆಂಡಿನ ಎಳೆಯ ಲೇಖಕರಿಗೆ ಕೊಡುವ ರೂನಿ ಬಹುಮಾನ ಪಡೆದರು. 1998ರಲ್ಲಿ ಒಂದು ಕಾದಂಬರಿ, 2005ರಲ್ಲಿ ಇನ್ನೊಂದು, ಎರಡೂ ಲಂಡನ್ನಿನ ದೊಡ್ಡ ಪ್ರಕಾಶನದಿಂದ. ಓದಿದವರು ಮೆಚ್ಚಿದರು, ಆದರೆ ಪ್ರತಿಗಳು ಖರ್ಚಾಗಲಿಲ್ಲ. ಆ ಪ್ರಕಾಶನದ ನಂಟು ಅಲ್ಲಿಗೆ ಮುಗಿಯಿತು. ಮುಂದಿನ ಪುಸ್ತಕ ಬರಲು ಏಳು ವರ್ಷ ಹಿಡಿಯಿತು; 2012ರಲ್ಲಿ ಆ ಕಥಾಸಂಕಲನವನ್ನು ತಂದದ್ದು ಲಿಲಿಪುಟ್.

ಮೊದಲ ಪುಸ್ತಕಕ್ಕೆ ಪ್ರೋತ್ಸಾಹ ಕೊಡುವವರು ಎಲ್ಲ ಭಾಷೆಯಲ್ಲೂ ಸಿಗುತ್ತಾರೆ. ಹೊಸ ದನಿ ಎನ್ನುವ ಮಾತಿಗೆ ಆಕರ್ಷಣೆಯಿದೆ. ನಲವತ್ತು ದಾಟಿದ, ನಾಲ್ಕು ಪುಸ್ತಕ ಬರೆದ, ಆದರೆ ಮಾರಾಟವಾಗದ ಲೇಖಕನಿಗೆ ಯಾವ ಯೋಜನೆಯೂ ನೇರವಾಗಿ ಹೊಂದುವುದಿಲ್ಲ. ಅಂಥವರು ಬರೆಯುವುದನ್ನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅಂಥ ಹೊತ್ತಿನಲ್ಲಿ ಮೆಕಾರ್ಮಕ್ ಬರೆದದ್ದು ತಮ್ಮ ಪುಸ್ತಕಗಳಲ್ಲೇ ಎಲ್ಲಕ್ಕಿಂತ ಕಷ್ಟದ ಪುಸ್ತಕ.

ಅದರ ವಸ್ತು ತೀರಾ ಮನೆಮಟ್ಟಿನದು. ಮೇಯೋ ಕೌಂಟಿ ಕೌನ್ಸಿಲ್ಲಿನ ಎಂಜಿನಿಯರ್ ಮಾರ್ಕಸ್ ಕಾನ್ವೆ ನವೆಂಬರ್ 2ರ ಮಧ್ಯಾಹ್ನ ಚರ್ಚಿನ ಗಂಟೆ ಕೇಳುತ್ತ ಅಡುಗೆಮನೆಯಲ್ಲಿ ಇದ್ದಾನೆ. ಆ ದಿನ ಕ್ಯಾಥೊಲಿಕರಿಗೆ ಸತ್ತವರನ್ನು ನೆನೆಯುವ ದಿನ. ಸತ್ತವರು ಮನೆಗೆ ಬಂದು ಹೋಗುತ್ತಾರೆ ಎಂಬ ನಂಬಿಕೆ ಐರ್ಲೆಂಡಿನಲ್ಲಿ ಹಳೆಯದು. ಮಹಾಲಯ ಅಮಾವಾಸ್ಯೆಗೆ ಎಡೆಯಿಟ್ಟು ಕಾಯುವ ನಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಮನೆ, ಹೆಂಡತಿ, ಮಕ್ಕಳು, ಸೇತುವೆ, ಕಾಂಕ್ರೀಟು, ಊರಿನ ಕುಡಿಯುವ ನೀರಿಗೆ ಸೇರಿದ ರೋಗಾಣು, ಕುಸಿದ ಬ್ಯಾಂಕುಗಳು ಎಲ್ಲವೂ ಒಂದೇ ಉಸಿರಿನಲ್ಲಿ ಹರಿದು ಬರುತ್ತವೆ. ವಾಕ್ಯ ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ಕತೆಯೊಳಗೇ ಕಾರಣವಿದೆ. ಅದನ್ನು ಇಲ್ಲಿ ಹೇಳಿ ಓದುವವರ ಸುಖ ಕೆಡಿಸಲಾರೆ.

ಇಂಥ ಹಸ್ತಪ್ರತಿಯನ್ನು ಮಾರಾಟ ವಿಭಾಗದ ಮುಂದಿಟ್ಟು ಒಪ್ಪಿಸಬೇಕಾದ ದೊಡ್ಡ ಸಂಸ್ಥೆಯ ಸಂಪಾದಕರ ಕಷ್ಟ ಊಹಿಸಬಲ್ಲೆ. ಟ್ರ್ಯಾಂಪ್‌ನಲ್ಲಿ ಓದುವವರೂ ಅವರೇ, ತೀರ್ಮಾನಿಸುವವರೂ ಅವರೇ. ಒಪ್ಪಿಸಬೇಕಾದ ಮೂರನೆಯವರು ಅಲ್ಲಿರಲಿಲ್ಲ.

ಲೆಕ್ಕದ ಪುಸ್ತಕ

ಈಗ ದುಡ್ಡಿನ ಮಾತು. 2016ರ ಜನಗಣತಿಯಲ್ಲಿ ಐರ್ಲೆಂಡ್ ಗಣರಾಜ್ಯದ ಜನಸಂಖ್ಯೆ 47.6 ಲಕ್ಷ, ಬೆಂಗಳೂರು ನಗರದ ಅರ್ಧಕ್ಕಿಂತ ಕಡಿಮೆ. ತೂಕಕ್ಕೆಂದು ಒಂದು ಲೆಕ್ಕ ಹಾಕಿ ನೋಡೋಣ. 15 ಯೂರೊ ಬೆಲೆಯ ಪುಸ್ತಕ, 1,000 ಪ್ರತಿ. ಕನ್ನಡ ಪುಸ್ತಕಗಳ ಒಳಪುಟದಲ್ಲೂ ನಾವು ಮತ್ತೆ ಮತ್ತೆ ಓದಿರುವ ಸಂಖ್ಯೆ ಅದು. ಎಲ್ಲವೂ ಖರ್ಚಾದರೆ 15,000 ಯೂರೊ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಅಂಗಡಿಗೂ ವಿತರಕರಿಗೂ ಹೋಗುತ್ತದೆ. ಉಳಿದ 7,500ರಲ್ಲಿ ಲೇಖಕರಿಗೆ ಬೆಲೆಯ ಶೇ. 10ರಂತೆ 1,500. ಮಿಕ್ಕ 6,000ದಲ್ಲಿ ಮುದ್ರಣ, ಮುಖಪುಟ, ಕರಡು ತಿದ್ದುವವರ ಸಂಭಾವನೆ, ಅಂಚೆ, ಪ್ರಚಾರ. ಒಂದು ಪೂರ್ಣವಿರಾಮವೂ ಇಲ್ಲದ 200ಕ್ಕೂ ಹೆಚ್ಚು ಪುಟವನ್ನು ಲೇಖಕರ ಜೊತೆ ಕೂತು ಸಾಲುಸಾಲಾಗಿ ನೋಡಿದ ತಿಂಗಳುಗಳ ಕೂಲಿ ಈ ಲೆಕ್ಕದಲ್ಲಿ ಎಲ್ಲೂ ಇಲ್ಲ. ಅದರ ಮೇಲೆ, ಅಂಗಡಿಯವರು ಮಾರಾಟವಾಗದ ಪ್ರತಿಗಳನ್ನು ವಾಪಸು ಕಳಿಸಬಹುದು.

ಆ ಕಾಣದ ಕೂಲಿಯನ್ನು ಹೊರುವ ವ್ಯವಸ್ಥೆ ಐರ್ಲೆಂಡಿನಲ್ಲಿ ಪದರ ಪದರವಾಗಿ ಬೆಳೆದಿದೆ. ನಡುವಿನಲ್ಲಿರುವುದು 1951ರಲ್ಲಿ ಹುಟ್ಟಿದ ಆರ್ಟ್ಸ್ ಕೌನ್ಸಿಲ್. ಅದು ಲೇಖಕರಿಗೆ ಬರೆಯುವ ಕಾಲಕ್ಕೆಂದು ಧನಸಹಾಯ ಕೊಡುತ್ತದೆ, ಸಣ್ಣ ಪ್ರಕಾಶನಗಳಿಗೂ ಕೊಡುತ್ತದೆ. ಒಂದೊಂದು ಪುಸ್ತಕಕ್ಕೆ ಬೇರೆ ಬೇರೆಯಾಗಿ ಅರ್ಜಿ ಹಾಕುವ ಯೋಜನೆಯೂ ಅದರಲ್ಲಿತ್ತು. ಹೊಸ ಪ್ರಕಾಶನಕ್ಕೆ ಕಾಲೂರಲು ಅದು ತಕ್ಕದ್ದು. ಟ್ರ್ಯಾಂಪ್ ಕೌನ್ಸಿಲ್ಲಿನ ನೆರವು ಪಡೆದ ಪ್ರಕಾಶನ. ಈ ನೆರವಿನಲ್ಲಿ ನನಗೆ ಹಿಡಿಸಿದ್ದು ಅದು ಬರುವ ಹೊತ್ತು. ನಮ್ಮಲ್ಲಿ ಪ್ರಕಾಶಕರು ಎದುರುನೋಡುವ ಗ್ರಂಥಾಲಯದ ಸಗಟು ಖರೀದಿ ಪುಸ್ತಕ ಅಚ್ಚಾದ ಮೇಲಿನ ಮಾತು. ಅಲ್ಲಿ ಹಣದ ಒಂದು ಭಾಗ ಹಸ್ತಪ್ರತಿಯಿನ್ನೂ ಹಸ್ತಪ್ರತಿಯಾಗಿರುವಾಗಲೇ ಬರುತ್ತದೆ, ಸಂಪಾದಕರು ಪೆನ್ಸಿಲ್ ಹಿಡಿದು ಕೂತಿರುವಾಗ.

ಅದೂ ಸುಲಭದ ಕಾಲವಾಗಿರಲಿಲ್ಲ. 2008ರ ಕುಸಿತ, 2010ರಲ್ಲಿ ಯುರೋಪು ಮತ್ತು ಐಎಂಎಫ್‌ಗಳ ಸಾಲ, ಎಲ್ಲ ಕಡೆ ಕಡಿತ. 2008ರಲ್ಲಿ 8 ಕೋಟಿ ಯೂರೊ ದಾಟಿದ್ದ ಕೌನ್ಸಿಲ್ಲಿನ ಅನುದಾನ 2014ಕ್ಕೆ 6 ಕೋಟಿಗಿಂತ ಕೆಳಗೆ ಇಳಿದಿತ್ತು. ಟ್ರ್ಯಾಂಪ್ ಶುರುವಾದದ್ದು ಅದೇ 2014ರಲ್ಲಿ.

ಉಳಿದ ಪದರಗಳಲ್ಲಿ ಕೆಲವನ್ನಾದರೂ ಹೆಸರಿಸಬೇಕು. 1969ರಿಂದ ಲೇಖಕರ ಸೃಜನಶೀಲ ಬರಹದ ಆದಾಯಕ್ಕೆ ತೆರಿಗೆ ವಿನಾಯಿತಿಯಿದೆ. 2015ರಿಂದ ಅದರ ಮಿತಿ ವರ್ಷಕ್ಕೆ 50,000 ಯೂರೊ. ಮೊನಹನ್ ಕೌಂಟಿಯ ಅನಾಮಕೆರಿಗ್ ಎಂಬಲ್ಲಿ ನಾಟಕ ನಿರ್ದೇಶಕ ಟೈರೋನ್ ಗತ್ರಿ ತಮ್ಮ ಮನೆಯನ್ನು ದೇಶಕ್ಕೆ ಬಿಟ್ಟುಹೋದರು. 1981ರಿಂದ ಅಲ್ಲಿ ಲೇಖಕರು, ಕಲಾವಿದರು ವಾರಗಟ್ಟಲೆ ತಂಗಿ ಕೆಲಸ ಮಾಡುತ್ತಾರೆ. ಹಗಲೆಲ್ಲ ಅವರವರ ಕೋಣೆ, ಸಂಜೆ ಏಳಕ್ಕೆ ಎಲ್ಲರೂ ಒಂದೇ ಮೇಜಿಗೆ ಊಟಕ್ಕೆ. ಡಬ್ಲಿನ್‌ನ ಪಾರ್ನೆಲ್ ಚೌಕದಲ್ಲಿ 1991ರಿಂದ ಇರುವ ಐರಿಷ್ ರೈಟರ್ಸ್ ಸೆಂಟರ್ 'ನಾವೆಲ್ ಫೇರ್' ನಡೆಸುತ್ತದೆ: ಚೊಚ್ಚಲ ಕಾದಂಬರಿಯ ಹಸ್ತಪ್ರತಿಗಳಲ್ಲಿ 12ನ್ನು ಆರಿಸಿ, ಬರೆದವರನ್ನು ನೇರವಾಗಿ ಪ್ರಕಾಶಕರು ಮತ್ತು ಏಜೆಂಟರ ಎದುರು ಕೂರಿಸುತ್ತಾರೆ. ಡೆಕ್ಲನ್ ಮೀಡ್ 1997ರಲ್ಲಿ ಕಟ್ಟಿದ 'ಸ್ಟಿಂಗಿಂಗ್ ಫ್ಲೈ' ಪತ್ರಿಕೆ ಇಂದಿನ ಎಷ್ಟೋ ಐರಿಷ್ ಕತೆಗಾರರ ಮೊದಲ ಅಂಗಳ. ಪುಸ್ತಕ ಬೇರೆ ಭಾಷೆಗೆ ಹೋಗಬೇಕಾದರೆ ಅನುವಾದದ ಖರ್ಚಿಗೆ ಲಿಟರೇಚರ್ ಐರ್ಲೆಂಡ್ ಇದೆ. 2022ರಲ್ಲಂತೂ ಸರ್ಕಾರ 2,000 ಕಲಾವಿದರಿಗೆ ವಾರಕ್ಕೆ 325 ಯೂರೊ ಮೂಲ ಆದಾಯ ಕೊಡುವ ಪ್ರಯೋಗ ಶುರುಮಾಡಿತು. ಅರ್ಹ ಅರ್ಜಿಗಳಿಂದ ಲಾಟರಿಯಂತೆ ಆರಿಸಿದರು, ಯಾರ ಬರಹ ಮೇಲು ಎಂದು ತೂಗಲಿಲ್ಲ.

ಇವೆಲ್ಲ ಮೆಕಾರ್ಮಕ್‌ಗೆ ಸಿಕ್ಕವು ಎಂದು ನಾನು ಹೇಳುತ್ತಿಲ್ಲ. ಇಷ್ಟು ಪದರಗಳಿರುವ ನೆಲದಲ್ಲಿ ಒಂದು ಪ್ರಕಾಶನ ಕಷ್ಟದ ಹಸ್ತಪ್ರತಿಗೆ ಹೂಂ ಎನ್ನುವಾಗ ಅದರ ಕಾಲಡಿಯ ಮಣ್ಣು ಸ್ವಲ್ಪ ಗಟ್ಟಿಯಾಗಿರುತ್ತದೆ.

ಬಾಗಿಲಲ್ಲಿ ನಿಂತ ಪುಸ್ತಕ

ಬೂಕರ್ 1969ರಲ್ಲಿ ಶುರುವಾದಾಗಿನಿಂದ ಐರಿಷ್ ಲೇಖಕರಿಗೆ ತೆರೆದಿತ್ತು. ಪುಸ್ತಕ ಮಾತ್ರ ಬ್ರಿಟನ್ನಿನಲ್ಲಿ ಪ್ರಕಟವಾಗಿರಬೇಕಿತ್ತು. 2014ರಿಂದ ಲೇಖಕರ ದೇಶದ ಷರತ್ತನ್ನು ಪೂರ್ತಿ ತೆಗೆದರು: ಇಂಗ್ಲಿಷಿನಲ್ಲಿ ಬರೆದು ಬ್ರಿಟನ್ನಿನಲ್ಲಿ ಪ್ರಕಟಿಸಿದರೆ ಯಾವ ದೇಶದವರಾದರೂ ಸರಿ. ಪರಿಣಾಮ 2016ರಲ್ಲಿ ಕಣ್ಣೆದುರಿಗೆ ಬಂತು. ಆ ವರ್ಷ ಮೊದಲ ಬಾರಿಗೆ ಅಮೆರಿಕದ ಲೇಖಕ ಪಾಲ್ ಬೀಟಿ ಬೂಕರ್ ಗೆದ್ದರು, ಅವರ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಗಿತ್ತು. ಡಬ್ಲಿನ್‌ನಲ್ಲಿ ಪ್ರಕಟವಾದ ಐರಿಷ್ ಕಾದಂಬರಿ ಪರಿಶೀಲನೆಗೂ ಹೋಗಲಾಗದೆ ಹೊರಗೆ ನಿಂತಿತು.

ಇದರ ಹಿಂದೆ ವ್ಯಾಪಾರದ ಒಂದು ಹಳೆಯ ರೂಢಿಯಿದೆ. ಇಂಗ್ಲಿಷ್ ಪುಸ್ತಕದ ಒಪ್ಪಂದಗಳಲ್ಲಿ 'ಬ್ರಿಟನ್ ಮತ್ತು ಐರ್ಲೆಂಡ್' ಒಂದೇ ಪ್ರದೇಶವೆಂದು ಬರೆಯುತ್ತಾರೆ. ಲಂಡನ್ನಿನ ಪ್ರಕಾಶಕ ಎರಡೂ ಕಡೆಯ ಹಕ್ಕನ್ನು ಒಟ್ಟಿಗೆ ಕೊಳ್ಳುತ್ತಾನೆ, ಎರಡೂ ಕಡೆ ಮಾರುತ್ತಾನೆ. ಡಬ್ಲಿನ್‌ನ ಸಣ್ಣ ಪ್ರಕಾಶನ ಆ ದೊಡ್ಡ ಪ್ರದೇಶದೊಳಗೆ ತನ್ನ ತುಂಡು ನೆಲವನ್ನು ಕೇಳಿ ಪಡೆಯಬೇಕು. ಮಾರಾಟದ ಲೆಕ್ಕಕ್ಕೆ ಐರ್ಲೆಂಡ್ ಒಳಗೆ, ಬಹುಮಾನದ ಲೆಕ್ಕಕ್ಕೆ ಹೊರಗೆ. ಇದು ನ್ಯಾಯವಲ್ಲ ಎಂದು ಟ್ರ್ಯಾಂಪ್ ಪ್ರೆಸ್ಸಿನವರು ಗಟ್ಟಿಯಾಗಿಯೇ ಹೇಳಿದರು, ಐರ್ಲೆಂಡಿನ ಇತರ ಪ್ರಕಾಶಕರೂ ದನಿಗೂಡಿಸಿದರು.

ಆ ನಿಯಮದ ಪೆಟ್ಟು ಒಂದು ವರ್ಷದ ಬಹುಮಾನಕ್ಕೆ ಮುಗಿಯುವಂಥದ್ದಲ್ಲ. ಹೊಸ ಹಸ್ತಪ್ರತಿ ಹಿಡಿದ ಐರಿಷ್ ಲೇಖಕರಿಗೆ ಏಜೆಂಟರು ಕೊಡುವ ಸಲಹೆಯನ್ನೇ ಅದು ಬದಲಿಸುತ್ತದೆ: ಮೊದಲು ಲಂಡನ್ನಿಗೆ ಕಳಿಸಿ, ಅಲ್ಲಿ ಆಗದಿದ್ದರೆ ಡಬ್ಲಿನ್. ಆಗ ಮನೆಯ ಪ್ರಕಾಶಕರ ಪಾಲಿಗೆ ಬರುವುದು ಬೇರೆಯವರು ಬೇಡವೆಂದದ್ದು. ಅದರಲ್ಲೇ ಒಳ್ಳೆಯದನ್ನು ಹುಡುಕಿ, ತಿದ್ದಿ, ಓದುಗರ ಕೈಗೆ ಕೊಟ್ಟ ಮೇಲೆ ಬಹುಮಾನದ ಪಟ್ಟಿಯಲ್ಲಿ ಬೇರೆಯವರ ಹೆಸರು.

ಕ್ಯಾನನ್‌ಗೇಟ್‌ನ ಮೇಲೆ ನನಗೆ ದೂರಿಲ್ಲ. ಅದೂ ದೊಡ್ಡ ಗುಂಪಿಗೆ ಸೇರದ ಸ್ವತಂತ್ರ ಪ್ರಕಾಶನ, ಪುಸ್ತಕವನ್ನು ಗೌರವದಿಂದ ಹೊರತಂದಿತು. ಹಕ್ಕು ಮಾರುವುದು ಸಣ್ಣ ಪ್ರಕಾಶನಕ್ಕೆ ಸೋಲೂ ಅಲ್ಲ. ಹೊರದೇಶದ ಹಕ್ಕು ಕೈಯಲ್ಲಿದ್ದರೆ ಅದರ ಆದಾಯದಲ್ಲಿ ಲೇಖಕರ ಪಾಲು ಹೋಗಿ ಪ್ರಕಾಶನಕ್ಕೂ ಒಂದು ಪಾಲು ಉಳಿಯುತ್ತದೆ, ಮುಂದಿನ ಹಸ್ತಪ್ರತಿಯ ಖರ್ಚು ಅದರಿಂದ ಹುಟ್ಟುತ್ತದೆ. ಅಮೆರಿಕದಲ್ಲೂ 2017ರಲ್ಲಿ ಸೋಹೊ ಪ್ರೆಸ್ ಈ ಕಾದಂಬರಿಯನ್ನು ತಂದಿತು. ತಕರಾರಿರುವುದು ಮಾರಲೇಬೇಕಾದ ಒತ್ತಾಯದ ಬಗ್ಗೆ.

2018ರ ಬಹುಮಾನದಿಂದ ಬೂಕರ್ ನಿಯಮ ಬದಲಾಯಿತು: ಐರ್ಲೆಂಡಿನಲ್ಲಿ ಪ್ರಕಟವಾದ ಪುಸ್ತಕವೂ ಅರ್ಹ. ಅನುವಾದಗಳಿಗೆ ಕೊಡುವ ಅಂತರರಾಷ್ಟ್ರೀಯ ಬೂಕರ್‌ನಲ್ಲೂ ಇಂದು ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾಗಿರಬೇಕು ಎಂದಿದೆ. ಕನ್ನಡದ ಓದುಗರಿಗೆ ಈ ಸಾಲು ದೂರದ್ದಲ್ಲ. 2025ರಲ್ಲಿ ಬಾನು ಮುಷ್ತಾಕ್ ಅವರ ಕತೆಗಳು ದೀಪಾ ಭಾಸ್ತಿ ಅವರ ಅನುವಾದದಲ್ಲಿ ಆ ಬಹುಮಾನ ಪಡೆದದ್ದು ಆಂಡ್ ಅದರ್ ಸ್ಟೋರೀಸ್ ಎಂಬ, ಇಂಗ್ಲೆಂಡಿನ ಶೆಫೀಲ್ಡ್‌ನ ಸಣ್ಣ ಪ್ರಕಾಶನ ಅವನ್ನು ತಂದಿದ್ದರಿಂದ. ಆ ದ್ವೀಪಗಳಲ್ಲಿ ಯಾರೂ ಪ್ರಕಟಿಸದಿದ್ದರೆ ಅದೇ ಅನುವಾದ, ಅದೇ ಕತೆಗಳು ತೀರ್ಪುಗಾರರ ಮೇಜಿಗೆ ತಲುಪುತ್ತಲೇ ಇರಲಿಲ್ಲ.

ಅದೇ 2018ರ ಜೂನ್‌ನಲ್ಲಿ 'ಸೋಲಾರ್ ಬೋನ್ಸ್'ಗೆ ಅಂತರರಾಷ್ಟ್ರೀಯ ಡಬ್ಲಿನ್ ಸಾಹಿತ್ಯ ಪ್ರಶಸ್ತಿ ಬಂತು, 1,00,000 ಯೂರೊ. ಡಬ್ಲಿನ್ ನಗರಸಭೆಯ ಆ ಪ್ರಶಸ್ತಿಗೆ ಪುಸ್ತಕಗಳನ್ನು ಹೆಸರಿಸುವವರು ಪ್ರಕಾಶಕರಲ್ಲ, ಪ್ರಪಂಚದ ಬೇರೆ ಬೇರೆ ಊರುಗಳ ಸಾರ್ವಜನಿಕ ಗ್ರಂಥಾಲಯಗಳು. ಪುಸ್ತಕ ಎಲ್ಲಿ ಪ್ರಕಟವಾಯಿತು ಎಂಬ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ.

ಆಮೇಲೆ

ಟ್ರ್ಯಾಂಪ್ ಬೆಳೆಯಿತು, ಆದರೆ ಉಬ್ಬಲಿಲ್ಲ. 2018ರಲ್ಲಿ ಎಮಿಲಿ ಪೈನ್ ಅವರ ಪ್ರಬಂಧಗಳು, 2020ರಲ್ಲಿ ಡಿರನ್ ನೀ ಗ್ರೀಫಾ ಅವರ ಗದ್ಯಕೃತಿ. ಎರಡೂ ಆಯಾ ವರ್ಷದ ಐರಿಷ್ ಪುಸ್ತಕವೆಂದು ಆಯ್ಕೆಯಾದವು. ಪ್ರಬಂಧ ಸಂಕಲನವೊಂದು ದೇಶದ ಅತಿ ಹೆಚ್ಚು ಮಾರಾಟವಾದ ಪುಸ್ತಕಗಳ ಸಾಲಿಗೆ ಬರುವುದು ಯಾವ ಭಾಷೆಯಲ್ಲೂ ಸುಲಭದ್ದಲ್ಲ.

ನಿಯಮ ಬದಲಾದದ್ದರಿಂದ ಹಸ್ತಪ್ರತಿಗಳ ಹರಿವು ತಿರುಗಿತೇ? ಒಂದು ವರ್ಷದ ಪಟ್ಟಿಯಿಂದ ತೀರ್ಪು ಕೊಡಲಾಗದು, ಆದರೂ 2023ರ ಪಟ್ಟಿಯನ್ನು ಮರೆಯಲಾರೆ. ಬೂಕರ್‌ನ ಮೊದಲ ಪಟ್ಟಿಯ 13ರಲ್ಲಿ ನಾಲ್ಕು ಐರಿಷ್ ಲೇಖಕರವು: ಸೆಬಾಸ್ಟಿಯನ್ ಬ್ಯಾರಿ, ಇಲೇನ್ ಫೀನಿ, ಪಾಲ್ ಲಿಂಚ್, ಪಾಲ್ ಮರ್ರೆ. ಕೊನೆಗೆ ಗೆದ್ದವರು ಲಿಂಚ್. ನಾಲ್ಕೂ ಪುಸ್ತಕಗಳ ಪ್ರಕಾಶಕರು ಲಂಡನ್ನಿನವರು. ಅರ್ಹತೆ ಸಿಕ್ಕ ಮಾತ್ರಕ್ಕೆ ಮುಂಗಡದ ಮೊತ್ತ, ಪ್ರಚಾರದ ಕೈ, ಅಂಗಡಿಯ ಮುಂಗಟ್ಟಿನ ಜಾಗ ಸಮನಾಗುವುದಿಲ್ಲ.

ಅದೇ 2023ರಲ್ಲಿ ಮೆಕಾರ್ಮಕ್ ಅವರ ಮುಂದಿನ ಕಾದಂಬರಿಯೂ ಬಂತು. 'ಸೋಲಾರ್ ಬೋನ್ಸ್' ಬಂದು ಏಳು ವರ್ಷವಾಗಿತ್ತು, ಅಷ್ಟು ಬಹುಮಾನಗಳ ನಂತರ ಅವರಿಗೆ ತೆರೆಯದ ಬಾಗಿಲು ಲಂಡನ್ನಿನಲ್ಲಿ ಹೆಚ್ಚು ಇದ್ದಿರಲಾರದು. ಐರ್ಲೆಂಡಿನಲ್ಲಿ ಅದನ್ನು ಪ್ರಕಟಿಸಿದ್ದು ಟ್ರ್ಯಾಂಪ್ ಪ್ರೆಸ್.